ನಿಮಗಿದು ಗೊತ್ತೆ? ಸಂಜೆಯಾದರೆ ರಸ್ತೆಯೇ ಊಟದ ಮನೆ

ಸಿಂಗಪುರದ ಮುಗಿಲೆತ್ತರದ ಕಚೇರಿ ಕಟ್ಟಡಗಳ ನಡುವೆ ಬೂನ್ ಟ್ಯಾಟ್ ಎಂಬ ರಸ್ತೆಯಿದೆ. ಸಂಜೆಯಾಗುತ್ತಲೇ ಅಲ್ಲಿ ವಾಹನ ಸಂಚಾರ ಬಂದ್. ಡಾಂಬರಿನ ಮೇಲೆಯೇ ಮೇಜು, ಕುರ್ಚಿ ಬೀಳುತ್ತವೆ. ಸಾಲು ಅಂಗಡಿಗಳಲ್ಲಿ ಇದ್ದಿಲ ಕೆಂಡದ ಮೇಲೆ ಸಾಟೆ ಬೇಯತೊಡಗುತ್ತದೆ. ಅರಿಸಿನ ಮಸಾಲೆ ಸವರಿ ಕಡ್ಡಿಗೆ ಪೋಣಿಸಿದ ಮಾಂಸದ ತುಂಡುಗಳಿವು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲೇ ಅರ್ಧ ರುಚಿಯಿದೆ. ಜತೆಗೆ ಕಡಲೆಕಾಯಿ ಬೀಜದ ಗಟ್ಟಿ ಗೊಜ್ಜು, ಹಸಿ ಈರುಳ್ಳಿ, ಸೌತೆಕಾಯಿ.

ಪಕ್ಕದ ಲಾವ್ ಪಾ ಸಾಟ್ 1894ರ ಎಂಟು ಮೂಲೆಯ ಮಾರುಕಟ್ಟೆ. ಅದರ ಎರಕದ ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ.

ಒಂದು ಕಾಲಕ್ಕೆ ಊರಿನ ಬೀದಿಬೀದಿಯಲ್ಲೂ ತಿಂಡಿ ಗಾಡಿಗಳಿದ್ದವು. ನಲ್ಲಿ ನೀರಿಲ್ಲ, ಚರಂಡಿಯಿಲ್ಲ. ಸರ್ಕಾರ ಆ ವ್ಯಾಪಾರಿಗಳನ್ನು ಓಡಿಸಿ ಕೈತೊಳೆದುಕೊಳ್ಳಲಿಲ್ಲ. 1971ರಿಂದ 1986ರ ನಡುವೆ ನೀರು, ವಿದ್ಯುತ್ ಇರುವ ಕೇಂದ್ರಗಳನ್ನು ಕಟ್ಟಿ ಅಲ್ಲಿಗೆ ಸ್ಥಳಾಂತರಿಸಿತು. ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಲು ಹೊರಡುವ ಯಾವುದೇ ನಗರ ಇದನ್ನು ನೋಡಿ ಕಲಿಯಬೇಕು. ಈ ಕೇಂದ್ರಗಳ ಆಹಾರ ಸಂಸ್ಕೃತಿ 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಹೋಗುವವರಿಗೊಂದು ಕಿವಿಮಾತು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೇಪರಿನ ಪೊಟ್ಟಣ ಕಂಡರೆ ಕೂರಬೇಡಿ, ಯಾರೋ ಜಾಗ ಹಿಡಿದಿದ್ದಾರೆ ಎಂದರ್ಥ. ಈ ಕೇಂದ್ರಗಳಲ್ಲಿ ಉಂಡ ತಟ್ಟೆಯನ್ನು ನೀವೇ ಒಯ್ದಿಡಬೇಕು. 2021ರಿಂದ ಅದು ಕಡ್ಡಾಯ.