ವಕೀಲರ ಕಡತದೊಳಗಿನ ಸಂಸಾರ

ವಕೀಲನ ಯಶಸ್ಸನ್ನು ಅವನ ಕಕ್ಷಿಗಾರರ ಪ್ರಸಿದ್ಧಿಯಿಂದ ಅಳೆಯುವುದು ಲೋಕರೂಢಿ. ನ್ಯೂಯಾರ್ಕಿನ ವಲಸೆ ಕಾನೂನಿನ ವಕೀಲ ಲಿಯಾನ್ ವೈಲ್ಡ್ಸ್ ಅವರನ್ನು ಬೀಟಲ್ಸ್ ತಂಡದ ಜಾನ್ ಲೆನನ್‌ರನ್ನು ಗಡೀಪಾರಿನಿಂದ ಪಾರುಮಾಡಿದವರೆಂದು ಜನ ನೆನೆಯುವುದೂ ಈ ರೂಢಿಯಂತೆಯೇ. ಆದರೆ ಆ ವ್ಯಾಜ್ಯದ ಮೂಲವನ್ನು ಶೋಧಿಸಹೊರಟರೆ, ಗಾಯಕನ ಖ್ಯಾತಿಗಿಂತ ಮೊದಲು ಒಂದು ಸಂಸಾರದ ತೊಡಕು ಎದುರಾಗುತ್ತದೆ.

1933ರಲ್ಲಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಒಲಿಫಂಟ್ ಎಂಬ ಸಣ್ಣ ಊರಿನ ಯೆಹೂದಿ ವರ್ತಕರ ಮನೆಯಲ್ಲಿ ಜನಿಸಿದ ವೈಲ್ಡ್ಸ್, ಯೆಶಿವಾ ವಿಶ್ವವಿದ್ಯಾನಿಲಯದ ಪದವೀಧರರಾಗಿ, ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿ, ನಿರಾಶ್ರಿತರಿಗೆ ನೆರವಾಗುತ್ತಿದ್ದ ಹಯಾಸ್ ಸಂಸ್ಥೆಯಲ್ಲಿ ಕೆಲಸಮಾಡಿ, 1960ರಲ್ಲಿ ಪಾಲುದಾರರೊಡನೆ ತಮ್ಮದೇ ಕಚೇರಿಯನ್ನು ತೆರೆದರು. 1972ರ ಆದಿಯಲ್ಲಿ ಲೆನನ್ ದಂಪತಿಗಳನ್ನು ಕಂಡು ಮನೆಗೆ ಬಂದ ಅವರು, ತಾವು ಜ್ಯಾಕ್ ಲೆಮನ್ ಮತ್ತು ಯೋಕೋ ಮೋಟೋ ಎಂಬವರನ್ನು ಭೇಟಿಯಾದೆವೆಂದು ಪತ್ನಿಗೆ ಹೇಳಿದರಂತೆ. ಹೆಸರನ್ನು ತಿದ್ದಿದವರು ಆಕೆಯೇ.

ಲೆನನ್ ಪತ್ನಿ ಯೋಕೋ ಓನೋ ಅವರ ಹಿಂದಿನ ದಾಂಪತ್ಯದ ಮಗಳು ಕ್ಯೋಕೊಳನ್ನು ಅವಳ ತಂದೆ ಕರೆದುಕೊಂಡು ಕಣ್ಮರೆಯಾಗಿದ್ದನು. ಪಾಲನೆಯ ಹಕ್ಕನ್ನು ತಾಯಿಗೆ ಕೊಟ್ಟ ಅಮೆರಿಕದ ನ್ಯಾಯಾಲಯವು, ಮಗು ಅಮೆರಿಕದಲ್ಲಿಯೇ ಬೆಳೆಯತಕ್ಕದ್ದೆಂದು ವಿಧಿಸಿತ್ತು. ಅತ್ತ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರು, ಯುದ್ಧವಿರೋಧಿ ಯುವಜನರನ್ನು ಲೆನನ್ ಚುನಾವಣೆಯ ವರ್ಷದಲ್ಲಿ ಕೆರಳಿಸಬಹುದೆಂದು ಶಂಕಿಸಿ, ಅಟಾರ್ನಿ ಜನರಲ್ ಜಾನ್ ಮಿಚೆಲ್‌ಗೆ ಫೆಬ್ರುವರಿಯಲ್ಲಿ ಪತ್ರ ಬರೆದರು. ಮಾರ್ಚಿನಲ್ಲಿ ಗಡೀಪಾರಿನ ಕ್ರಮ ಆರಂಭವಾಯಿತು. ಅದಕ್ಕೆ ಕೊಟ್ಟ ಕಾರಣ, 1968ರಲ್ಲಿ ಲಂಡನ್ನಿನಲ್ಲಿ ಗಾಂಜಾ ರಾಳವನ್ನು ಇಟ್ಟುಕೊಂಡಿದ್ದಕ್ಕಾದ ದಂಡನೆ. 1973ರ ಮಾರ್ಚಿನಲ್ಲಿ ವಲಸೆ ನ್ಯಾಯಾಧೀಶರು ಪತ್ನಿಗೆ ಕಾಯಂ ವಾಸದ ಅನುಮತಿಯನ್ನು ಕೊಟ್ಟು, ಪತಿಯು 60 ದಿನಗಳೊಳಗೆ ದೇಶವನ್ನು ಬಿಡಬೇಕೆಂದರು. ಒಂದು ನ್ಯಾಯಪೀಠವು ಮಗುವಿಗಾಗಿ ಇಲ್ಲಿಯೇ ಇರೆಂದು ಹೇಳಿದ ತಾಯಿಗೆ, ಮತ್ತೊಂದು ಪೀಠವು ಗಂಡನನ್ನೋ ಮಗಳನ್ನೋ ಆರಿಸಿಕೊಳ್ಳೆಂದು ಹೇಳಿದಂತಾಯಿತು. ತಾಯಿಮಗಳ ಪುನರ್ಮಿಲನವಾದುದು 1990ರ ದಶಕದಲ್ಲಿ. ಅದು ಯಾವ ತೀರ್ಪಿನ ಫಲವೂ ಅಲ್ಲ.

ವೈಲ್ಡ್ಸ್ ಅವರ ವಿವೇಕವು ವಾಗ್ವೈಖರಿಗಿಂತ ಹೆಚ್ಚಾಗಿ ಸರ್ಕಾರದ ದಾಖಲೆಗಳನ್ನು ಕೇಳಿ ತರಿಸಿಕೊಳ್ಳುವುದರಲ್ಲಿ ಪ್ರಕಟವಾಯಿತು. ಕೆಲವರ ಗಡೀಪಾರನ್ನು ವಲಸೆ ಇಲಾಖೆಯು ಸದ್ದಿಲ್ಲದೆ ತಡೆಹಿಡಿಯುತ್ತದೆಂಬುದನ್ನು ವೃತ್ತಿಬಾಂಧವರು ಬಲ್ಲವರಾಗಿದ್ದರೂ, ಅದರ ನಿಯಮ ಬಹಿರಂಗವಾಗಿರಲಿಲ್ಲ. ಮಾಹಿತಿ ಸ್ವಾತಂತ್ರ್ಯ ಕಾಯಿದೆಯ ಮೇರೆಗೆ ದಾವೆ ಹೂಡಿ, ಅಂತಹ 1,843 ಪ್ರಕರಣಗಳ ದಾಖಲೆಗಳನ್ನು ಪಡೆದು, ಒಂದೊಂದನ್ನೂ ಪರಿಶೀಲಿಸಿದಾಗ ಅವರಿಗೆ ಕಂಡ ಕಾರಣಗಳು ಇವು: ಎಳೆಯ ವಯಸ್ಸು, ವೃದ್ಧಾಪ್ಯ, ರೋಗ, ಮತಿವೈಕಲ್ಯ, ಕುಟುಂಬದ ಅಗಲಿಕೆ. ಕಟ್ಟುನಿಟ್ಟೆಂದು ಹೆಸರಾದ ಇಲಾಖೆಯೂ, ಸಂಸಾರ ಒಡೆಯುವುದೆಂಬಲ್ಲಿ ಲೇಖನಿಯನ್ನು ತಡೆದಿತ್ತು. ಈ ಶೋಧವನ್ನು ಅವರು 1976ರಲ್ಲಿ ಕಾನೂನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು.

1975ರ ಅಕ್ಟೋಬರ್ 7ರಂದು ಮೇಲ್ಮನವಿ ನ್ಯಾಯಾಲಯವು ಲೆನನ್ ಪರವಾಗಿ ತೀರ್ಪಿತ್ತಿತು. ಅರಿವಿಲ್ಲದೆ ಹೊಂದಿದ್ದರೂ ಶಿಕ್ಷಿಸುತ್ತಿದ್ದ ಬ್ರಿಟಿಷ್ ಕಾನೂನಿನ ದಂಡನೆಯನ್ನು ಅಮೆರಿಕದ ಶಾಸನದ ಅಪರಾಧಕ್ಕೆ ಸಮವೆಂದು ಭಾವಿಸಲಾಗದೆಂಬುದು ಅದರ ಸಾರ. ಎರಡು ದಿನಗಳ ಬಳಿಕ ಅವರಿಗೆ ಮಗ ಶಾನ್ ಹುಟ್ಟಿದನು. 1976ರ ಜುಲೈ 27ರಂದು ಗ್ರೀನ್ ಕಾರ್ಡು ಕೈಸೇರಿತು.

ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು ದಾಖಲೆಯಿಲ್ಲದೆ ಉಳಿದವರಿಗೆ 2012ರಲ್ಲಿ ದೊರೆತ ರಕ್ಷಣೆಯಾದ ಡಾಕಾ ಯೋಜನೆ, ವೈಲ್ಡ್ಸ್ ಬೆಳಕಿಗೆ ತಂದ ಈ ವಿವೇಚನಾಧಿಕಾರದ ವಂಶದ್ದೇ. ಆದರೆ ಅದು ಸಕ್ರಮ ವೀಸಾದ ಮೇಲಿರುವವರಿಗೆ ಅನ್ವಯಿಸದು. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾದಿರುವ ಅಲ್ಲಿಯ ಕನ್ನಡಿಗರ ಮನೆಯಲ್ಲಿಯೂ, ಮಕ್ಕಳಿಗೆ 21 ತುಂಬಿದೊಡನೆ ತಂದೆತಾಯಿಯರ ವೀಸಾದ ನೆರಳು ತಪ್ಪಿಹೋಗಬಹುದು. 2024ರ ಜನವರಿಯಲ್ಲಿ 90ನೆಯ ವಯಸ್ಸಿನಲ್ಲಿ ನಿಧನರಾದ ವೈಲ್ಡ್ಸ್ ಅವರ ವೃತ್ತಿಜೀವನದಿಂದ ಇಂದಿನ ವಲಸೆ ವಕೀಲನು ಕಲಿಯಬೇಕಾದುದು ಇಷ್ಟೇ: ಕಕ್ಷಿಗಾರನ ಪಾಸ್‌ಪೋರ್ಟನ್ನು ಓದುವ ಮುನ್ನ ಅವನ ಮನೆಯಲ್ಲಿ ಯಾರಾರಿದ್ದಾರೆಂದು ವಿಚಾರಿಸುವುದು.