ಶಾಲೆಯ ಕ್ಯಾಮರಾಕ್ಕೆ ಎಂಥ ಟ್ರೈಪಾಡ್?

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಮ್ಮ ಕಾಸರಗೋಡಿನವರು ಮರೆಯುವಂಥದ್ದಲ್ಲ. ಬೆಳಿಗ್ಗೆ 9.25ರ ಹೊತ್ತಿಗೆ ಸೂರ್ಯ ಬಳೆಯಾದ. ಮಕ್ಕಳು ಗ್ರಹಣ ಕನ್ನಡಕ ಹಾಕಿಕೊಂಡು ನೋಡಿ ಕುಣಿಯುತ್ತಿದ್ದರು. ನಾನು ಮಾತ್ರ ಸೌರ ಫಿಲ್ಟರ್ ಹಾಕಿದ ಕ್ಯಾಮರಾದ ಹಿಂದೆ ಬಗ್ಗಿ ಸೂರ್ಯನನ್ನು ಹುಡುಕುತ್ತಿದ್ದೆ. ಫ್ರೇಮಿನ ನಡುವೆ ತಂದು, ತಿರುಪು ಬಿಗಿ ಮಾಡಿ ಕೈಬಿಟ್ಟರೆ ಸಾಕು, ಟ್ರೈಪಾಡಿನ ತಲೆ ಲೆನ್ಸಿನ ಭಾರಕ್ಕೆ ಮೆಲ್ಲನೆ ಕುಸಿಯುತ್ತಿತ್ತು. ಇದ್ದ ಎರಡು-ಮೂರು ನಿಮಿಷ ಹೀಗೇ ಹೋಯಿತು. ಸಿಕ್ಕಿದ್ದು ಅರ್ಧ ಬಳೆಯ ಒಂದು ಚಿತ್ರ. ಹಗುರ ಉಂಟು, ಅಗ್ಗ ಉಂಟು ಎಂದು ನಾನೇ ಆರಿಸಿ ತಂದ ಟ್ರೈಪಾಡ್ ಅದು.

ಮೂರೇ ಕಾಲು ಯಾಕೆ ಎಂದು ಮಕ್ಕಳು ಕೇಳಿದರೆ ಪ್ರಯೋಗಾಲಯದಲ್ಲಿ ಬರ್ನರಿನ ಮೇಲಿಡುವ ಸ್ಟ್ಯಾಂಡನ್ನೇ ತೋರಿಸಬಹುದು. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳು ಯಾವತ್ತೂ ಒಂದು ಸಮತಲದಲ್ಲಿರುತ್ತವೆ. ನಾಲ್ಕನೆಯದೂ ಅಲ್ಲೇ ಇರಬೇಕೆಂದಿಲ್ಲ. ಹಾಗಾಗಿ ಕ್ಲಾಸಿನ ಬೆಂಚು ಕುಂಟುತ್ತದೆ, ಮೂರು ಕಲ್ಲಿನ ಒಲೆ ಕುಂಟುವುದಿಲ್ಲ.

ಆದರೆ ಕುಂಟದಿರುವುದು ಬೇರೆ, ನಡುಗದಿರುವುದು ಬೇರೆ. ನಡುಕ ಕಾಲಿನ ಬಿಗುವಿಗೆ ಸಂಬಂಧಿಸಿದ್ದು. ಗೋಡೆ ಅಷ್ಟೇ ತೆಳುವಾಗಿದ್ದು ಕೊಳವೆಯ ವ್ಯಾಸ ಇಮ್ಮಡಿಯಾದರೆ ತೂಕ ಸುಮಾರು ಎರಡು ಪಟ್ಟಾಗುತ್ತದೆ. ಬಾಗುವುದನ್ನು ತಡೆಯುವ ಶಕ್ತಿಯೋ ಸುಮಾರು ಎಂಟು ಪಟ್ಟು! ಬಿದಿರಿನ ಗುಟ್ಟು ಇದೇ. ಗಟ್ಟಿಯಾಗಿಯೂ ಹಗುರವಾಗಿಯೂ ಇರುವುದು ಸಾಧ್ಯವಾಗುವುದು ಹೀಗೆ. ಆದ್ದರಿಂದ ಅಂಗಡಿಯಲ್ಲಿ ಮೇಲಿನ ದಪ್ಪ ಕಾಲನ್ನು ನೋಡಿ ಮರುಳಾಗಬೇಡಿ, ಎಲ್ಲವನ್ನೂ ಎಳೆದು ಕೊನೆಯ ತುಂಡು ಎಷ್ಟು ಸಪೂರ ಎಂದು ನೋಡಿ. ಐದು ತುಂಡಿನ ಕಾಲು ಚೀಲದೊಳಗೆ ಚೆಂದ ಕೂರುತ್ತದೆ, ಆದರೆ ಅದರ ತುದಿ ಪೆನ್ಸಿಲಿನಷ್ಟಾಗಿರುತ್ತದೆ. ಬಸ್ಸಿನಲ್ಲಿ ಒಯ್ಯಲು ಸ್ವಲ್ಪ ಕಷ್ಟವಾದರೂ ಮೂರು ತುಂಡಿನದು ಒಳ್ಳೆಯದು.

ಕಾರ್ಬನ್ ಫೈಬರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ, ಅಲ್ಯೂಮಿನಿಯಂನದು 2.7. ಕಾರ್ಬನ್ ಕಾಲಿನಲ್ಲಿ ನಡುಕವೂ ಬೇಗ ಅಡಗುತ್ತದೆ. ಬೆಲೆ ಮಾತ್ರ ನಮ್ಮ ಶಾಲೆಗಳ ಕೈಗೆಟುಕುವುದಲ್ಲ. ಮೇಲಾಗಿ ಜೋರಾಗಿ ಪೆಟ್ಟು ಬಿದ್ದರೆ ಅದು ಸೀಳುತ್ತದೆ, ಅಲ್ಯೂಮಿನಿಯಂ ನೆಗ್ಗುತ್ತದಷ್ಟೆ. ಮಕ್ಕಳ ಕೈಗೆ ಕೊಡುವ ವಸ್ತುವಾದ್ದರಿಂದ ನನ್ನ ಓಟು ಒಂದೂವರೆ ಕಿಲೋ ಆಸುಪಾಸಿನ ಅಲ್ಯೂಮಿನಿಯಂಗೆ. ಡಬ್ಬದ ಮೇಲೆ ಬರೆದ ಭಾರದ ಮಿತಿ ತಯಾರಕರು ತಾವೇ ಹೇಳಿಕೊಂಡದ್ದು. ಕ್ಯಾಮರಾ, ಲೆನ್ಸ್ ಸೇರಿ ಒಂದು ಕಿಲೋ ಇದ್ದರೆ ಮೂರು ಕಿಲೋ ಎಂದು ಬರೆದದ್ದನ್ನು ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಕ್ಯಾಮರಾ ಅಥವಾ ಮೊಬೈಲನ್ನು ಕೂರಿಸಿ, ಪೂರ್ತಿ ಝೂಮ್ ಮಾಡಿ, ದೂರದ ಬೋರ್ಡಿನ ಒಂದು ಅಕ್ಷರಕ್ಕೆ ಗುರಿಯಿಡಿ. ಒಂದು ಕಾಲಿಗೆ ಬೆರಳಿನಿಂದ ತಟ್ಟಿ. ಅಕ್ಷರದ ನಡುಕ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಆಯಿತು, ಐದಾರು ಸೆಕೆಂಡು ತೆಗೆದುಕೊಂಡರೆ ಬೇಡ. ಮತ್ತೆ ತಲೆಯನ್ನು ಬಿಗಿ ಮಾಡಿ ಕೈಬಿಡಿ. ಅಕ್ಷರ ಜಾರಿತೋ? ಇದೊಂದನ್ನು ನಾನು ಅವತ್ತು ಅಂಗಡಿಯಲ್ಲೇ ನೋಡಬಹುದಿತ್ತು. ಆಂದೋಲನ ಪಾಠ ಮಾಡುವಾಗ ಕ್ಲಾಸಿನಲ್ಲೂ ಇದನ್ನು ಮಾಡಿಸಬಹುದು; ಕಾಲು ಉದ್ದ ಮಾಡಿದ ಹಾಗೆ ನಡುಕ ಹೇಗೆ ಬದಲಾಗುತ್ತದೆ ಎಂದು ಮಕ್ಕಳೇ ಬರೆದುಕೊಳ್ಳಲಿ.

ನಡುವಿನ ಕಂಬವನ್ನು ಆದಷ್ಟು ಎತ್ತಬೇಡಿ. ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ. ಅದರ ಕೊಕ್ಕೆಗೆ ಚೀಲ ತೂಗಿಸಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ಆದರೆ ಗಾಳಿಗೆ ಚೀಲವೇ ತೂಗಾಡಬಾರದು. ಅದರ ತಳ ನೆಲಕ್ಕೆ ಸ್ವಲ್ಪ ತಾಗಿರಲಿ. ಉದ್ದ ಲೆನ್ಸ್ ಇದ್ದರೆ ಒಂದು ಕಾಲು ಅದರ ಕೆಳಗೇ, ಮುಂದಕ್ಕೆ ಇರಬೇಕು.

2028ರ ಡಿಸೆಂಬರ್ 31ರ ರಾತ್ರಿ ನಮಗೆ ಪೂರ್ಣ ಚಂದ್ರಗ್ರಹಣ ಉಂಟು. ಕೆಂಪಗೆ ಮಂಕಾದ ಚಂದ್ರನಿಗೆ ಒಂದೊಂದು ಸೆಕೆಂಡು ಶಟರ್ ತೆರೆದಿಡಬೇಕಾಗುತ್ತದೆ, ಕೈಯಲ್ಲಿ ಹಿಡಿದು ಆಗುವ ಕೆಲಸವಲ್ಲ. ಗುಂಡಿಯನ್ನು ಬೆರಳಿನಲ್ಲಿ ಒತ್ತದೆ ಎರಡು ಸೆಕೆಂಡಿನ ಟೈಮರ್ ಹಾಕಿ. ಇನ್ನೊಂದು: ಕ್ಯಾಮರಾದ ಅಡಿಗೆ ಸಿಕ್ಕಿಸುವ ಸಣ್ಣ ಪ್ಲೇಟನ್ನು ಈಗಲೇ ಒಂದು ದಾರದಿಂದ ಟ್ರೈಪಾಡಿಗೆ ಕಟ್ಟಿಡಿ. ನಮ್ಮಲ್ಲಿ ಮೊದಲು ಕಳೆದುಹೋದದ್ದು ಅದೇ.