ವಿಮಾನ ನಿಲ್ದಾಣದ ಒಂದು ಕ್ಯಾಂಟೀನ್ ಟೆಂಡರು

1977ರ ಜನವರಿ ಮೊದಲ ವಾರ. ಮುಂಬಯಿ ವಿಮಾನ ನಿಲ್ದಾಣದಲ್ಲಿ ಮೂರು ವರ್ಷದ ಮಟ್ಟಿಗೆ ಒಂದು ಎರಡನೇ ದರ್ಜೆಯ ರೆಸ್ಟೋರೆಂಟ್, ಎರಡು ಸ್ನ್ಯಾಕ್ ಬಾರ್ ನಡೆಸಲು ಟೆಂಡರ್ ಕರೆದರು. ಕರೆದದ್ದು ಕೇಂದ್ರ ಸರ್ಕಾರ ಹುಟ್ಟುಹಾಕಿದ್ದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಕನಿಷ್ಠ ಐದು ವರ್ಷ ಅನುಭವವಿರುವ, ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರು ಟೆಂಡರ್ ಹಾಕಬಹುದು ಎಂಬುದು ಷರತ್ತು. ಮೊಹರು ಹಾಕಿದ ಲಕೋಟೆ ಜನವರಿ 25ರ ಮಧ್ಯಾಹ್ನ 12ರೊಳಗೆ ತಲುಪಬೇಕು, 12.30ಕ್ಕೆ ಬಿಚ್ಚುತ್ತಾರೆ.

ಬಂದದ್ದು ಆರು ಲಕೋಟೆ. ಅತಿ ಹೆಚ್ಚಿನ ಮೊತ್ತ ತಿಂಗಳಿಗೆ 6,666 ರೂಪಾಯಿ 66 ಪೈಸೆ. ವರ್ಷಕ್ಕೆ 80 ಸಾವಿರ ಎಂದಿಟ್ಟುಕೊಂಡು ಹನ್ನೆರಡರಿಂದ ಭಾಗಿಸಿದ ಲೆಕ್ಕವಿರಬೇಕು. ಉಳಿದ ಐದರಲ್ಲೂ ಆದಾಯ ತೆರಿಗೆಯ ಪ್ರಮಾಣಪತ್ರದಂಥ ಕಾಗದಪತ್ರಗಳು ಇರಲಿಲ್ಲ, ಅವು ಬಿದ್ದುಹೋದವು. ಗೆದ್ದವರ ಬಳಿ ಕಾಗದಗಳೆಲ್ಲ ಇದ್ದವು, ಇರದಿದ್ದದ್ದು ಮೂಲ ಅರ್ಹತೆ. ಅವರು ಕಂಪನಿಗಳಿಗೆ, ಬ್ಯಾಂಕುಗಳಿಗೆ, ಕ್ಲಬ್ಬುಗಳಿಗೆ ಅಡುಗೆ ಪೂರೈಸಿ ಪಳಗಿದವರು, ಕ್ಯಾಂಟೀನಿನ ಲೈಸೆನ್ಸ್ ಇದ್ದವರು. ಎರಡನೇ ದರ್ಜೆಯ ಹೋಟೆಲ್ ಅವರದಾಗಿರಲಿಲ್ಲ. ಪ್ರಾಧಿಕಾರ ಪತ್ರ ಬರೆದು ದಾಖಲೆ ಕೇಳಿತು, ಅವರು ತಮ್ಮ ಅನುಭವವನ್ನು ವಿವರಿಸಿ ಬರೆದರು, ಏಪ್ರಿಲ್‌ನಲ್ಲಿ ಟೆಂಡರ್ ಮಂಜೂರಾಯಿತು.

ಕೋರ್ಟಿಗೆ ಹೋದವರ ಹೆಸರು ರಮಣ ದಯಾರಾಮ ಶೆಟ್ಟಿ. ಕಾನೂನು ಓದುವ ಮಕ್ಕಳು ಇವತ್ತಿಗೂ ಅದನ್ನು ‘ಆರ್.ಡಿ. ಶೆಟ್ಟಿ ಕೇಸು’ ಎಂದೇ ಕರೆಯುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಕರಾವಳಿಯ ಹುಡುಗರು ಕ್ಯಾಂಟೀನ್ ಕಾಂಟ್ರ್ಯಾಕ್ಟ್ ಹಿಡಿದು ಮೇಲೆ ಬಂದ ಊರು ಈ ಮುಂಬಯಿ. ಇಲ್ಲಿನ ಕನ್ನಡಿಗರಿಗೆ ಆ ಹೆಸರು ಕಿವಿಗೆ ಬಿದ್ದರೆ ಮನೆಯವರನ್ನೇ ಕರೆದಂತಾಗುತ್ತದೆ.

ಶೆಟ್ಟರು ಟೆಂಡರನ್ನೇ ಹಾಕಿರಲಿಲ್ಲ, ಅವರ ವಾದದ ಬಲವೆಲ್ಲ ಅದರಲ್ಲೇ ಇತ್ತು. ‘ಆ ಅರ್ಹತೆ ನನಗೂ ಇಲ್ಲ, ಅದಕ್ಕೇ ಸುಮ್ಮನಿದ್ದೆ, ಷರತ್ತು ಪಾಲಿಸದಿದ್ದರೂ ನಡೆಯುತ್ತದೆಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ’ ಎಂಬುದು ಅದರ ಸಾರ. ಬಾಂಬೆ ಹೈಕೋರ್ಟು ಒಪ್ಪಲಿಲ್ಲ. ಪ್ರಕರಣ ದಿಲ್ಲಿಗೆ ಹೋಯಿತು.

ಅಲ್ಲಿಯವರೆಗಿನ ಹಾದಿ ಸರ್ಕಾರದ ಪರವಾಗಿತ್ತು. ಕಾಸರಗೋಡಿನಿಂದ ತುಸು ದಕ್ಷಿಣಕ್ಕೆ, ಕಣ್ಣೂರಿನ ಸರ್ಕಾರಿ ಆಸ್ಪತ್ರೆಗೆ ಹಾಲು ಹಾಕುವ ಗುತ್ತಿಗೆಯೊಂದು 1959ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಅಚ್ಯುತನ್ ಎಂಬವರ ಗುತ್ತಿಗೆ ರದ್ದುಮಾಡಿ ಸಹಕಾರಿ ಸಂಘಕ್ಕೆ ಕೊಟ್ಟಿದ್ದರು. ತನಗೆ ಬೇಕಾದವರನ್ನು ಆರಿಸಿಕೊಳ್ಳುವುದು ಸರ್ಕಾರಕ್ಕೆ ಬಿಟ್ಟದ್ದು, ಅದರಲ್ಲಿ ತಾರತಮ್ಯದ ಪ್ರಶ್ನೆಯಿಲ್ಲ ಎಂದಿತು ಕೋರ್ಟು. ಹಾಲು ಯಾರಿಂದ ಕೊಳ್ಳಬೇಕೆಂದು ಮನೆಯ ಯಜಮಾನ ತೀರ್ಮಾನಿಸಿದ ಹಾಗೆ. ಕಪ್ಪುಪಟ್ಟಿಗೆ ಸೇರಿಸುವ ಮೊದಲು ಗುತ್ತಿಗೆದಾರನ ಮಾತು ಕೇಳಬೇಕು ಎಂಬಷ್ಟಾದರೂ ಕೋರ್ಟಿನಿಂದ ಬಂದದ್ದು 1974ರಲ್ಲಿ, ಎರೂಷಿಯನ್ ಎಕ್ವಿಪ್‌ಮೆಂಟ್ ಪ್ರಕರಣದಲ್ಲಿ.

1979ರ ಮೇ 4ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಶೆಟ್ಟಿ ಕೇಸಿನ ತೀರ್ಪು ಬರೆದರು. ಪ್ರಾಧಿಕಾರವೂ ಸಂವಿಧಾನದ ಅರ್ಥದಲ್ಲಿ ‘ರಾಜ್ಯ’ವೇ, ಹಾಗಾಗಿ 14ನೇ ವಿಧಿಯ ಸಮಾನತೆ ಅದಕ್ಕೂ ಅನ್ವಯ ಎಂದರು. ಸರ್ಕಾರ ಇಂದು ಗುತ್ತಿಗೆ, ಲೈಸೆನ್ಸ್, ಕೋಟಾಗಳ ಮೂಲಕ ಸಂಪತ್ತು ಹಂಚುತ್ತದೆ; ಖಾಸಗಿಯವನಂತೆ ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ. 1959ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಹೇಳಿದ್ದ ಮಾತೊಂದನ್ನು ಅವರು ನೆನೆದರು. ಅದು ಫೆಡರಲ್ ಇಲಾಖೆಯೊಂದು ತನ್ನದೇ ನಿಯಮ ಬಿಟ್ಟು ನೌಕರನನ್ನು ವಜಾ ಮಾಡಿದ್ದ ವಿಟರೆಲ್ಲಿ ಪ್ರಕರಣ. ಆಡಳಿತ ತಾನೇ ಹಾಕಿಕೊಂಡ ಅಳತೆಗೋಲಿಗೆ ತಾನೇ ಕಟ್ಟುಬೀಳಬೇಕು ಎಂಬುದು ಆ ಮಾತಿನ ತಿರುಳು. ಯಾವ ಟೆಂಡರನ್ನಾದರೂ ತಿರಸ್ಕರಿಸುವ ಹಕ್ಕು ಕಾದಿರಿಸಿದೆ ಎಂಬ ಸಾಲು ನೋಟಿಸಿನಲ್ಲಿ ಇತ್ತು. ಅದನ್ನು ತೋರಿಸಿ ಷರತ್ತು ದಾಟಲಾಗದು ಎಂದೂ ತೀರ್ಪು ಹೇಳಿತು. ಟೆಂಡರ್ ಒಪ್ಪಿದ್ದೇ ತಪ್ಪೆಂದಾಯಿತು.

ಆದರೂ ಶೆಟ್ಟರ ಮೇಲ್ಮನವಿ ವಜಾ ಆಯಿತು. ಐದು ತಿಂಗಳಿಗೂ ಹೆಚ್ಚು ತಡಮಾಡಿ ಬಂದಿದ್ದಾರೆ, ಇವರಿಗೆ ನಿಜವಾದ ಆಸಕ್ತಿಯಿಲ್ಲ, ಬೇರೊಬ್ಬರ ಪರವಾಗಿ ಬಂದಂತಿದೆ, ಅಷ್ಟರಲ್ಲಿ ಗೆದ್ದವರು ಸುಮಾರು 1,25,000 ರೂಪಾಯಿ ಸುರಿದಿದ್ದಾರೆ ಎಂಬುವು ಕಾರಣಗಳು. ಕಾರಣಗಳು ಹುಸಿಯಲ್ಲ. ಆದರೂ ನನಗೆ ಈ ತೀರ್ಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅರ್ಜಿ ಹಾಕದೆ ಉಳಿದವನ ಲೆಕ್ಕ. ಸೋತವನಿಗಾದ ಅನ್ಯಾಯ ಕಡತದಲ್ಲಿ ಇರುತ್ತದೆ. ಷರತ್ತನ್ನು ನಂಬಿ ಮನೆಯಲ್ಲೇ ಕುಳಿತವನ ಹೆಸರು ಯಾವ ಲಕೋಟೆಯ ಮೇಲೂ ಇರುವುದಿಲ್ಲ. ಅವನಿಗೂ ಅನ್ಯಾಯವಾಗಿದೆ ಎಂಬುದನ್ನು ಈ ಕ್ಯಾಂಟೀನ್ ಜಗಳ ಕಾನೂನಿನೊಳಗೆ ತಂದಿತು.

ಆಮೇಲೆ ಮೊತ್ತಗಳು ಬೆಳೆದವು. ಮುಂಬಯಿ ಸೇರಿ ನಾಲ್ಕು ಮಹಾನಗರಗಳ ಮೊಬೈಲ್ ಲೈಸೆನ್ಸಿನ ಜಗಳದಲ್ಲಿ, 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ, ಕೋರ್ಟು ತನಗೇ ಗೆರೆ ಎಳೆದುಕೊಂಡಿತು: ತೀರ್ಮಾನ ಹೇಗೆ ಆಯಿತೆಂದು ನೋಡುತ್ತೇವೆ, ತೀರ್ಮಾನವನ್ನು ನಾವೇ ಮಾಡುವುದಿಲ್ಲ. ಮುಂದೆ ಅದೇ ಮುಂಬಯಿ ವಿಮಾನ ನಿಲ್ದಾಣವೇ ಟೆಂಡರಿಗೆ ಬಂತು. ಆದಾಯದ ಶೇ 38.7 ಪಾಲು ಕೊಡುತ್ತೇವೆಂದ ಜಿವಿಕೆ ಗುಂಪಿಗೆ 2006ರಲ್ಲಿ ಅದು ಸಿಕ್ಕಿತು. ಇ. ಶ್ರೀಧರನ್ ಅವರ ಸಮಿತಿ ಟೆಂಡರುಗಳಿಗೆ ಕೊಟ್ಟ ಅಂಕಗಳನ್ನು ಮರುಪರಿಶೀಲಿಸಿದ್ದನ್ನು ಪೈಪೋಟಿಯಲ್ಲಿದ್ದ ರಿಲಯನ್ಸ್ ಪ್ರಶ್ನಿಸಿತು, ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಇಷ್ಟಾದರೂ ಕೇಂದ್ರಕ್ಕೆ ಖರೀದಿಯ ಸಮಗ್ರ ಕಾಯ್ದೆ ಇಲ್ಲ. ಕರ್ನಾಟಕ 1999ರಲ್ಲೇ ಪಾರದರ್ಶಕತೆ ಕಾಯ್ದೆ ಮಾಡಿಕೊಂಡಿತು. ಕೇಂದ್ರದ ಸಾರ್ವಜನಿಕ ಖರೀದಿ ಮಸೂದೆ 2012ರಲ್ಲಿ ಲೋಕಸಭೆಗೆ ಬಂದು, ಆ ಸಭೆಯ ಅವಧಿಯೊಂದಿಗೇ ಮುಗಿದುಹೋಯಿತು. ಈಗ ನಡೆಯುತ್ತಿರುವುದು 2017ರ ಸಾಮಾನ್ಯ ಹಣಕಾಸು ನಿಯಮಗಳ ಮೇಲೆ, 2016ರಲ್ಲಿ ಬಂದ ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನ ಮೇಲೆ. ನಿಯಮಗಳನ್ನು ಇಲಾಖೆಯೇ ತಿದ್ದಬಹುದು. ಕಾಯ್ದೆ ತಿದ್ದಲು ಸಂಸತ್ತು ಬೇಕು. ಈ ವ್ಯತ್ಯಾಸ ಸಣ್ಣ ಗುತ್ತಿಗೆದಾರನ ಪಾಲಿಗೆ ಬಹಳ ದೊಡ್ಡದು, ಮಸೂದೆಯನ್ನು ಮತ್ತೆ ತರಲೇಬೇಕು.

ಅಂಧೇರಿಯಲ್ಲಿ ನನ್ನ ಪರಿಚಯದ ಕೇಟರಿಂಗ್ ಹುಡುಗನೊಬ್ಬನಿದ್ದಾನೆ, ಕುಂದಾಪುರದ ಕಡೆಯವನು. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ, ಶಟರ್ ಅರ್ಧ ಎಳೆದು, ಕೇಂದ್ರದ ಕಚೇರಿಯೊಂದರ ಕ್ಯಾಂಟೀನ್ ಟೆಂಡರಿನ ಪ್ರಿಂಟ್ ನನ್ನ ಮುಂದೆ ಹರಡಿದ. ಎಣ್ಣೆ ಕೈಯ ಗುರುತು ಬಿದ್ದ ಹಾಳೆ. ಅನುಭವದ ಸಾಲಿನ ಕೆಳಗೆ ಎರಡು ಸಲ ಪೆನ್ನು ಎಳೆದಿದ್ದ.

“ಐದು ವರ್ಷ ಬೇಕಂತೆ. ನಂದು ನಾಲ್ಕೂವರೆ ಆಯ್ತು. ಹಾಕುದಾ, ಬೇಡ್ವಾ ಅಣ್ಣಾ?”

ಷರತ್ತು ಅಂದರೆ ಷರತ್ತೇ, ಬೇಡ ಅಂದೆ.

“ಬೇರೆಯವರಿಗೂ ಹಾಗೇ ಹೇಳ್ತಾರಲ್ಲ?” ಎಂದು ಕೇಳಿ, ಹಾಳೆಯನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟ.